ಕುರಿ ಹಿಂಡನ್ನ ಹೊಳೆಗೆ ಹಾರ್ಸೋ ಟರ್ಕಿ ಹಬ್ಬ: ನಮ್ ತುಂಗೇಲಿ ಮಾಡ್ಬೋದಾ?

ತುಂಗೆದಂಡೆಯವ

ಎಲ್ರಿಗೂ ನಮಸ್ಕಾರ. ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಒಂದು ವಿಡಿಯೋ ಓಡಾಡ್ತಾ ಇದೆ, ಟರ್ಕಿದಂತೆ. ಕುರಿ ಕಾಯೋನೊಬ್ಬ ಹಾಕ್ಕೊಂಡಿರೋ ಬಟ್ಟೇಲೇ ಹೊಳೆಗೆ ಧುಮುಕ್ತಾನೆ, ಅವನ ಬೆನ್ನಿಗೇ ಒಂದು ಕುರಿ, ಅದರ ಹಿಂದೆ ಇಡೀ ಹಿಂಡು ದಬದಬ ಅಂತ ನೀರಿಗೆ ಬೀಳುತ್ತೆ, ದಂಡೆ ತುಂಬ ಜನ ಶಿಳ್ಳೆ ಹೊಡೀತಾ ನಿಂತಿರ್ತಾರೆ. ಇನ್ನೊಂದು ವಿಡಿಯೋದಲ್ಲಿ ಟಗರಿನ ಕೊಂಬಿಗೆ ಸೇಬು ಚುಚ್ಚಿ, ಮೈಗೆಲ್ಲ ಬಣ್ಣ ಬಳ್ದು, ಮೇಲೊಂದು ಮಗು ಕೂರ್ಸಿ ಹಿಂಡಿನೊಳಗೆ ಬಿಡ್ತಾರೆ. ಎರಡೂ ಒಂದೇ ಹಬ್ಬನಾ ಬೇರೆ ಬೇರೆನಾ ತಿಳೀಲಿಲ್ಲ, ಕೆಳಗೆ ಬರ್ದಿರೋದೆಲ್ಲ ಅವ್ರ ಭಾಷೇಲೇ ಇದೆ.

ವಿಷ್ಯ ಏನಪ್ಪಾ ಅಂದ್ರೆ ನಮ್ ಯುವಕ ಸಂಘದವ್ರಿಗೆ ಇದು ತಲೆಗೆ ಹತ್ಬಿಟ್ಟಿದೆ. ಶಿಕಾರಿಪುರ ಸೊರಬ ಕಡೆ ದೀಪಾವಳಿಗೆ ಹೋರಿ ಬೆದರ್ಸೋದು ಇದ್ಯಲ್ಲ, ನಮ್ಮೂರಿಗೂ ಒಂದು ಹೆಸರು ಬೇಕು, ತುಂಗೆ ಮನೆ ಮುಂದೇನೇ ಹರೀತಾಳೆ, ಕೊಯ್ಲಾದ್ಮೇಲೆ ಬಯಲುಸೀಮೆ ಕುರಿ ಹಿಂಡು ಹೆಂಗಿದ್ರೂ ಗದ್ದೆಗೆ ಬರ್ತವೆ, ಎರಡ್ಮೂರು ಹಿಂಡಿನವ್ರನ್ನ ಸ್ವಲ್ಪ ಮುಂಚೆನೇ, ದೀಪಾವಳಿಗೇ ಕರ್ಸಿ ಹೊಳೆ ಹಾರ್ಸೋ ಸ್ಪರ್ಧೆ ಇಟ್ರೆ ಆಯ್ತು ಅಂತ ಖಜಾಂಚಿ ಆಗ್ಲೇ ಬ್ಯಾನರ್ ರೇಟು ಕೇಳ್ಕೊಂಡು ಬಂದಿದಾನೆ. ನಂಗ್ಯಾಕೋ ಸರಿ ಬರ್ತಿಲ್ಲ, ಆದ್ರೆ ಬೇಡ ಅನ್ನೋಕೆ ಕಾರಣನೂ ಗೊತ್ತಿಲ್ಲ. ಆ ಹಬ್ಬ ನಿಜವಾಗ್ಲೂ ಎಂತದ್ದು, ಕುರಿ ಯಾಕೆ ಹಂಗೆ ಹಾರ್ತವೆ, ನಮ್ಮಲ್ಲಿ ಮಾಡ್ಬೋದಾ? ತಿಳ್ದವ್ರು ಹೇಳಿ.

ಸಾಗರದವ

ಎರಡೂ ಬೇರೆ ಬೇರೆ ಮಾರಾಯ್ರೆ. ಮೊದಲ್ನೇದು ನಾನೇ ನೋಡಿದೀನಿ. ಪಶ್ಚಿಮ ಟರ್ಕಿಲಿ ದೆನಿಜ್ಲಿ ಅಂತ ಊರಿದೆ, ಟವೆಲ್ ಬೆಡ್‌ಶೀಟ್ ನೇಯೋದಕ್ಕೆ ಹೆಸರುವಾಸಿ, ಅಲ್ಲಿಗೆ ಮಗ್ಗದ ಮಷೀನ್ ಕೂರ್ಸೋ ಕೆಲ್ಸದ ಮೇಲೆ ಹೋಗಿದ್ದೆ. ಪಮುಕ್ಕಲೆ ಅಂತ ಬೆಳ್ಳಗೆ ಸುಣ್ಣ ಕಟ್ಟಿರೋ ಬೆಟ್ಟದ ಫೋಟೋ ನೋಡಿರ್ತೀರಲ್ಲ, ಅದೂ ಅದೇ ಜಿಲ್ಲೆ. ಆ ಜಿಲ್ಲೆಲಿ ಚಾಲ್ ಅಂತ ತಾಲೂಕು, ಅದರಲ್ಲಿ ಆಶಾಸೆಯಿತ್ ಅನ್ನೋ ಹಳ್ಳಿ, ಪಕ್ಕದಲ್ಲೇ ಬುಯುಕ್ ಮೆಂಡೆರೆಸ್ ಹೊಳೆ. ಪ್ರತಿ ವರ್ಷ ಆಗಸ್ಟ್ ಕೊನೆ ಹೊತ್ತಿಗೆ ಈ ಹಬ್ಬ. ಎಂಟ್ನೂರು ವರ್ಷದಿಂದ ನಡೀತಿದೆ ಅಂತ ಊರವ್ರು ಹೇಳ್ಕೋತಾರೆ.

ಆಗಸ್ಟ್ ಅಂದ್ರೆ ನಮ್ ತಲೇಲಿ ಮಳೆ, ಕೆಸರು, ಛತ್ರಿ. ಅಲ್ಲಿ ಆಗಸ್ಟ್ ಅಂದ್ರೆ ಬೆಂಕಿ. ಗುಡ್ಡ ಎಲ್ಲ ಒಣಗಿ ಹಳದಿ, ಕುರಿ ನಾಕ್ ಹೆಜ್ಜೆ ಇಟ್ರೆ ಧೂಳಲ್ಲಿ ಕಾಣೋದೇ ಇಲ್ಲ. ಬೇಸಿಗೆ ಪೂರ್ತಿ ಆ ಧೂಳಲ್ಲಿ ಮೇಯ್ದ ಹಿಂಡಿನ ಮೈ ತೊಳ್ಸೋ ಕೆಲಸಾನೇ ಹಬ್ಬ ಆಗಿರೋದು. ಕುರಿ ತಾನಾಗಿ ನೀರಿಗೆ ಇಳಿಯೋ ಪ್ರಾಣಿ ಅಲ್ಲ, ಹಿಡ್ದು ದಬ್ಬಿದ್ರೆ ಒಂದು ಇಳಿಯುತ್ತೆ, ನಾಕು ವಾಪಸ್ ಓಡುತ್ತೆ. ಅದಕ್ಕೆ ಕಾಯೋನೇ ಮೊದಲು ಹಾರ್ತಾನೆ.

ನಾನು ನೋಡಿದ್ದು ಹೇಳ್ತೀನಿ. ಹೊಳೆ ಭಾರಿ ಅಗಲ ಏನಿಲ್ಲ, ನೀರು ಮಣ್ಣಿನ ಬಣ್ಣ. ಹಿಂಡು ಸ್ವಲ್ಪ ದೂರದಲ್ಲಿ ನಿಂತಿರುತ್ತೆ, ಕೆಲವಕ್ಕೆ ಬೆನ್ನ ಮೇಲೆ ಬಣ್ಣ, ಕತ್ತಲ್ಲಿ ಗಂಟೆ. ಕಾಯೋನು ದಂಡೆಗೆ ಓಡಿ ಬರ್ತಾ ಬಾಯಲ್ಲಿ ಏನೋ ಸದ್ದು ಮಾಡ್ತಾನೆ, ಒಬ್ಬೊಬ್ಬಂದು ಒಂದೊಂದು ತರ, ಇನ್ನೊಬ್ಬನ ಸದ್ದಿಗೆ ಇವನ ಕುರಿ ಕಿವಿನೂ ಆಡ್ಸಲ್ಲ. ನೇರ ನೀರಿಗೆ ಬೀಳ್ತಾನೆ. ಮುಂದಾಳು ಕುರಿ ಒಂದಿರುತ್ತೆ, ಅವ್ರು ಕೋಸೆಮೆನ್ ಅಂತಾರೆ, ಮರಿಯಿದ್ದಾಗಿಂದ ಕೈಯಾರೆ ತಿನ್ನಿಸಿ ಬೆಳ್ಸಿರೋದು, ಅದು ಅಂಚಿಗೆ ಬಂದು ಮುಂಗಾಲು ಊರಿ ನಿಂತ್ಕೊಳ್ತು ಅಂದ್ರೆ ಮುಗೀತು, ಹಿಂದಿರೋದೆಲ್ಲ ಬಂದು ಅದಕ್ಕೆ ಗುದ್ದಿ ಗುಂಪಾಗಿ ತಿರುಗ್ಕೊಂಡು ಓಡ್ತವೆ, ಜನ ಎಲ್ಲ ಅಯ್ಯೋ ಅಂತಾರೆ. ಅದು ಹಾರಿದ್ರೆ ಹಿಂದಿನವು ಯೋಚ್ನೆನೇ ಮಾಡಲ್ಲ. ತೀರ್ಪುಗಾರರು ನೋಡೋದೂ ಅದನ್ನೇ, ಹಿಂಡು ತಡೀದೆ ಕಡೀದೆ ಮಾಲೀಕನ ಹಿಂದೆ ಹೋಯ್ತಾ ಇಲ್ವಾ ಅಂತ. ಕುರಿ ಎಷ್ಟು ಜೋರಾಗಿ ಈಜ್ತು ಅನ್ನೋದು ಅಲ್ಲ. ಒಬ್ಬ ವಯಸ್ಸಾದೋನು, ಎಪ್ಪತ್ತರ ಹತ್ರ ಇರ್ಬೋದು, ಹಾರ್ಲಿಲ್ಲ, ನಿಧಾನಕ್ಕೆ ಸೊಂಟದ ತನಕ ನೀರಿಗೆ ಇಳ್ದು ತಿರುಗಿ ಸಹ ನೋಡ್ದೆ ಆ ಕಡೆ ನಡ್ಕೊಂಡು ಹೋದ, ಅವನ ಹಿಂಡು ಒಂದೂ ಬಿಡ್ದೆ ಹಿಂದೆ ಹೋಯ್ತು. ಆ ದಿನ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದಿದ್ದು ಅದಕ್ಕೆ.

ಪಕ್ಕದ ಬುರ್ದುರ್ ಜಿಲ್ಲೆಲೂ ಹಿಂಡನ್ನ ನೀರಲ್ಲಿ ದಾಟ್ಸೋ ಹಬ್ಬ ಇದೆ. ಆ ಸೀಮೆಲೆಲ್ಲ ಯೋರುಕ್ ಅಂತ ಕುರಿ ಮೇಕೆ ಹೊಡ್ಕೊಂಡು ಬೇಸಿಗೆಗೆ ಬೆಟ್ಟ, ಚಳಿಗೆ ಬಯಲು ಅಂತ ಓಡಾಡ್ತಿದ್ದ ಜನ, ಈಗ ಬಹುಪಾಲು ಊರಲ್ಲೇ ನೆಲೆ ನಿಂತಿದಾರೆ.

ಇದರ ಹಿಂದೆ ಒಂದು ಕಥೆನೂ ಇದೆ, ಕರಾಕೋಯುನ್ ಅಂತ, ಕರಿ ಕುರಿ ಕಥೆ, ಆ ದೇಶದ ತುಂಬ ಬೇರೆ ಬೇರೆ ರೂಪದಲ್ಲಿ ಹೇಳ್ತಾರೆ. ಕುರಿ ಕಾಯೋ ಹುಡ್ಗ ಸಾಹುಕಾರನ ಮಗಳನ್ನ ಇಷ್ಟ ಪಟ್ಟ. ಸಾಹುಕಾರ ಆಗಲ್ಲ ಅಂತ ಬಾಯ್ಬಿಟ್ಟು ಹೇಳ್ಳಿಲ್ಲ, ಆಗ್ದೇ ಇರೋ ಷರತ್ತು ಹಾಕ್ದ. ಹಿಂಡಿಗೆ ದಿನಗಟ್ಲೆ ಉಪ್ಪು ತಿನ್ಸು, ಹನಿ ನೀರು ಕೊಡ್ಬೇಡ, ಆಮೇಲೆ ಹೊಳೆಗೆ ಹೊಡಿ, ಒಂದು ಕುರಿನೂ ನೀರಿಗೆ ಬಾಯಿ ಹಾಕ್ದೆ ದಾಟಿದ್ರೆ ಹುಡ್ಗಿ ನಿಂದು ಅಂದ. ಹುಡ್ಗ ಕವಾಲ್ ಊದ್ದ, ನಮ್ ಕೊಳಲಿನ ಜಾತಿದು, ಉದ್ದಕ್ಕಿರುತ್ತೆ. ನೀರಿನ ಹತ್ರ ತಲೆ ಬಗ್ಸಿದ ಕುರಿಗಳು ಊದೋದು ಕೇಳಿ ತಲೆ ಎತ್ತಿದ್ವಂತೆ, ಒಂದು ಕರಿ ಕುರಿ ಮಾತ್ರ ಹಟ ಮಾಡ್ತಂತೆ, ಕೊನೆಗೆ ಅದೂ ಬಂತು. ಮದುವೆ ಆಯ್ತಾ ಇಲ್ವಾ ಅನ್ನೋದು ಹೇಳೋರ ಮೇಲೆ. ನಂಗೆ ಹೇಳಿದೋನು ಆಗಿಲ್ಲ ಅಂದ, ಪಕ್ಕದಲ್ಲಿ ಕೂತಿದ್ದೋನು ಆಯ್ತು ಅಂದ, ಇಬ್ರೂ ಟೀ ಮುಗಿಯೋ ತನಕ ಜಗಳ ಆಡಿದ್ರು.

ತುಂಗೆದಂಡೆಯವ

ಸೂಪರ್ ಸಾರ್, ಇಷ್ಟು ವಿವರ ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಹಂಗಾದ್ರೆ ಸೇಬು ಚುಚ್ಚಿದ ಟಗರು ಯಾವ ಹಬ್ಬ? ಅದ್ಯಾಕೆ ಮಗುನ ಕೂರ್ಸೋದು?

ಪಶುವೈದ್ಯೆ ಶಿವಮೊಗ್ಗ

ಅದು ಕೋಚ್ ಕಾತಿಮಿ. ಟಗರನ್ನ ಹಿಂಡಿಗೆ ಸೇರ್ಸೋ ದಿನ. ನಂಗೆ ಹೊಳೆ ಹಾರೋದಕ್ಕಿಂತ ಇದೇ ಜಾಸ್ತಿ ಇಷ್ಟ, ಯಾಕಂದ್ರೆ ಇಡೀ ಹಬ್ಬ ಒಂದು ಲೆಕ್ಕದ ಮೇಲೆ ನಿಂತಿದೆ.

ಕುರಿ ಗಬ್ಬ ಸುಮಾರು 150 ದಿನ. ಅನತೋಲಿಯಾ ಅಂದ್ರೆ ಟರ್ಕಿಯ ಏಷ್ಯಾ ಭಾಗ, ಅಲ್ಲಿನ ಎತ್ತರದ ಬಯಲಲ್ಲಿ ಚಳಿಗಾಲ ಪೂರ್ತಿ ಹಿಮ, ಹುಲ್ಲು ಅನ್ನೋದೇ ಇರಲ್ಲ. ಮರಿ ಜನವರಿಲಿ ಬಿತ್ತು ಅಂದ್ರೆ ತಾಯಿಗೆ ಹಾಲಿಲ್ಲ, ಮರಿ ಉಳಿಯಲ್ಲ. ಹೊಸ ಹುಲ್ಲು ಚಿಗುರೋ ಮಾರ್ಚ್ ಏಪ್ರಿಲ್‌ಗೇ ಮರಿ ಬೀಳ್ಬೇಕು. ಅದಕ್ಕೆ ಬೇಸಿಗೇಲೇ ಟಗರುಗಳನ್ನ ಹಿಂಡಿಂದ ಬೇರೆ ಮಾಡಿ, ಚೆನ್ನಾಗಿ ಮೇಯ್ಸಿ, ಅಕ್ಟೋಬರ್ ನವೆಂಬರ್ ಹೊತ್ತಿಗೆ ಒಂದು ದಿನ ಗೊತ್ತು ಮಾಡಿ ಬಿಡ್ತಾರೆ. ಚಳಿ ಜಾಸ್ತಿ ಇರೋ ಪೂರ್ವದ ಕಡೆ ತಡವಾಗಿ ಬಿಡೋದು, ಬೆಚ್ಚಗಿರೋ ಕಡೆ ಬೇಗ. ಆ ದಿನ ಟಗರಿಗೆ ಮದುಮಗನ ಅಲಂಕಾರ, ಮೈಗೆ ಮೆಹಂದಿ ಇಲ್ಲಾ ಬಣ್ಣ, ಮಣಿ, ಗೊಂಡೆ, ಕೊಂಬಿಗೆ ಸೇಬು. ಬೆನ್ನ ಮೇಲೆ ಹೆಣ್ಮಗು ಕೂರ್ಸಿದ್ರೆ ಹೆಣ್ಣು ಮರಿ ಜಾಸ್ತಿ ಅಂತ ನಂಬಿಕೆ, ಹಿಂಡು ಬೆಳೀಬೇಕಂದ್ರೆ ಹೆಣ್ಣು ಮರಿನೇ ಅಲ್ವಾ ಬೇಕಿರೋದು. ಹುಡುಗಿನ ಹುಡ್ಕಿ ತಂದು ಕೂರ್ಸೋ ಹಬ್ಬ, ನಮ್ಮಲ್ಲಿ ಸ್ವಲ್ಪ ಅಪರೂಪ ಅನ್ನಿಸ್ತು.

ಇನ್ನು ಒಳಗಿನ ವಿಷ್ಯ. ಅಷ್ಟು ಉತ್ತರದಲ್ಲಿರೋ ಕುರಿಗೆ ಹಗಲು ಕಮ್ಮಿ ಆಗ್ತಾ ಬಂದಾಗ್ಲೇ ಬೆದೆ ಬರೋದು. ಅದರ ಮೇಲೆ, ಕಣ್ಣಿಗೆ ಮೂಗಿಗೆ ಸಿಗ್ದೇ ಎಷ್ಟೋ ದಿನ ದೂರ ಇದ್ದ ಟಗರು ದಿಢೀರ್ ಅಂತ ಬಂದು ಹಿಂಡಿಗೆ ಸೇರಿದ್ರೆ ಆ ವಾಸನೆಗೇ ಹೆಣ್ಣು ಕುರಿಗಳ ಮೈಯಲ್ಲಿ ಹಾರ್ಮೋನ್ ಏಳುತ್ತೆ, ಬಹುಪಾಲು ಕುರಿ ಹತ್ತಿರ ಹತ್ತಿರ ದಿನಗಳಲ್ಲೇ ಬೆದೆಗೆ ಬರ್ತವೆ. ನಾವು ಕಾಲೇಜಲ್ಲಿ ಇದನ್ನ ಪಾಠ ಅಂತ ಓದಿದ್ವಿ, ಆ ಕುರಿಗಾಹಿಗಳು ಡೋಲು ಬಾರ್ಸಿ ಮಾಡ್ಕೊಂಡು ಬಂದಿದಾರೆ. ಒಂದು ಟಗರಿಗೆ ಇಪ್ಪತ್ತೈದು ಮೂವತ್ತು ಕುರಿ ಲೆಕ್ಕ. ಮರಿ ಎಲ್ಲ ಒಟ್ಟಿಗೆ ಬಿದ್ರೆ ರಾತ್ರಿ ಎಚ್ಚರ ಇರೋದೂ ಅಷ್ಟೇ ದಿನ, ಮಾರೋವಾಗ ಮರಿ ಎಲ್ಲ ಒಂದೇ ಸೈಜು.

ನಮ್ ಡೆಕ್ಕನಿ ಕುರಿಗೆ ಇದೆಲ್ಲ ಅಷ್ಟಾಗಿ ಬೇಕಿಲ್ಲ. ಸಮಭಾಜಕಕ್ಕೆ ಹತ್ರ ಇದೀವಲ್ಲ, ಹಗಲು ರಾತ್ರಿಲಿ ಅಂತ ವ್ಯತ್ಯಾಸ ಇಲ್ಲ, ಕುರಿ ವರ್ಷದ ಯಾವಾಗ ಬೇಕಾದ್ರೂ ಬೆದೆಗೆ ಬರುತ್ತೆ, ಟಗರು ಹಿಂಡಲ್ಲೇ ಓಡಾಡ್ಕೊಂಡಿರುತ್ತೆ.

ಈಗ ನಿಮ್ ಸಂಘದ ವಿಷ್ಯ. ದಯವಿಟ್ಟು ಮಾಡ್ಬೇಡಿ. ದೆನಿಜ್ಲಿಲಿ ಆಗಸ್ಟ್ ಬಿಸಿಲಿಗೆ ನೆಂದ ಉಣ್ಣೆ ನೋಡ್ತಾ ನೋಡ್ತಾ ಒಣಗುತ್ತೆ. ನಮ್ಮಲ್ಲಿ ದೀಪಾವಳಿ ಹೊತ್ತಿಗೆ ಬೆಳಿಗ್ಗೆ ಇಬ್ಬನಿ, ಮಧ್ಯಾಹ್ನ ಮೋಡ, ಸಂಜೆ ಒಂದು ಮಳೆ ಬಂದ್ರೂ ಬಂತು. ನೆಂದ ಹಿಂಡು ರಾತ್ರಿ ಹಸಿ ಗದ್ದೇಲಿ ಮಲಗಿದ್ರೆ ನ್ಯುಮೋನಿಯಾ, ಗೊರಸು ಕೊಳೆಯೋದು ಗ್ಯಾರಂಟಿ. ಮಳೆ ಹಿಂದೆ ಹಿಂದೆನೇ ನೀಲಿ ನಾಲಿಗೆ ರೋಗದ ಕಾಲ ಬೇರೆ, ಅದನ್ನ ಹರಡೋ ಸಣ್ಣ ನುಸಿ ಹುಟ್ಟೋದೇ ಇಂಥ ಕೆಸರಲ್ಲಿ. ಗಬ್ಬದ ಕುರಿ ಇದ್ರೆ ನೂಕಾಟದಲ್ಲಿ ಕಂದು ಹಾಕೋದೂ ಉಂಟು. ಮೇಲೆ ಗಾಜನೂರು ಡ್ಯಾಮಲ್ಲಿ ಗೇಟು ತೆಗೆದ್ರೆ ಹೊಳೆ ಹೆಂಗೆ ಏರುತ್ತೆ ಅಂತ ದಂಡೆಲಿರೋ ನಿಮಗೆ ನಾನು ಹೇಳ್ಬೇಕಾ.

ಕುಮದ್ವತಿ ಕುರುಬ

ಡಾಕ್ಟ್ರಮ್ಮ ಹೇಳಿದ್ದು ಖರೇ ಐತಿ. ನಮ್ದು ಶಿಕಾರಿಪುರ ಕಡಿ, ನಮ್ ಮನಿತನ ಹಿಂದ್ಲಿಂದ ಕುರಿ ಕಾಯ್ಕೊಂಡ್ ಬಂದಿದ್ದು, ಈಗ ನಾ ಅಂಗಡಿ ಇಟ್ಕೊಂಡೀನಿ, ಅಣ್ಣ ಇನ್ನೂ ಹಿಂಡು ಬಿಟ್ಟಿಲ್ಲ. ಹಿಂಡಿನವ್ರನ್ನ ಕರಸ್ತೀವಿ ಅಂತೀರಲ್ಲ ತಮ್ಮಾ, ಯಾರೂ ಬರಂಗಿಲ್ಲ ನೋಡು. ದೀಪಾವಳಿ ಹೊತ್ನ್ಯಾಗ ನಿಮ್ ಮಲೆನಾಡಿನ ಹಸಿ ನೆಲಕ್ಕ ಯಾವ ಕುರುಬ ಕುರಿ ಇಳಸ್ತಾನ? ನಿಮ್ ಗದ್ದಿ ಕೊಯ್ಲಾಗಿ ನೆಲ ಒಣಗಿದ ಮ್ಯಾಲೇನ ನಾವು ಬರೋದು. ಒಂದು ಕುರಿ ಹೋದ್ರ ಸಾವಿರಗಟ್ಲೆ ಹೋತು, ನಿಮ್ ಬಹುಮಾನದ ಕಪ್, ಶಾಲು ತಗೊಂಡು ಏನ್ ಮಾಡೂನು?

ಆದ್ರ ಆ ವಿಡಿಯೋ ನಾನೂ ನೋಡೀನಿ, ಅಣ್ಣಗೂ ತೋರ್ಸೀನಿ. ಮಂದಿ ಎಲ್ಲ ಕುರಿ ಹಾರೋದ್ ನೋಡ್ತಾರ, ಅಂವ ನೋಡಿದ್ದು ಮುಂದಿನ ಕುರಿ ಕಿವಿ. ಎಷ್ಟು ಚಲೋ ಪಳಗ್ಸ್ಯಾನ ನೋಡ್ಲೇ ಅಂದ. ಈ ಕಸುಬು ನಮಗೇನು ಹೊಸಾದಲ್ಲ. ನೀರಿನ ಚಾನಲ್ ದಾಟಸ್ಬೇಕಾದ್ರ ನಾವೂ ಮಾಡೋದ್ ಇದನ್ನ. ನಮ್ ಹಿಂಡ್ನ್ಯಾಗ ಮುಂದ ನಾಕಾರು ಆಡು ಇರ್ತಾವು, ಕುರಿ ಅಂಜಿ ನಿಂತಲ್ಲಿ ಆಡು ಕಾಲಿಡ್ತತಿ. ಆಡೂ ಒಲ್ಲೆ ಅಂದ್ರ ಒಬ್ಬಂವ ಮರಿ ಒಂದನ್ನ ಹೆಗಲಿಗೆ ಹಾಕ್ಕೊಂಡು ನೀರಿಗೆ ಇಳೀತಾನ, ಮರಿ ಮ್ಯಾಂ ಅಂತತಿ, ತಾಯಿ ತಡಿಲಾರ್ದ ಬೆನ್ನಿಗೆ ಬರ್ತತಿ, ತಾಯಿ ಬಂತು ಅಂದ್ರ ಹಿಂದ ಸಾಲು ಹಚ್ಚಿ ಬರ್ತಾವು. ಆಚಿ ದಂಡಿಗೆ ಒಬ್ಬ ನಿಂತು ಎಣಸ್ತಾನ, ಈಚಿ ದಂಡಿಗೆ ಕೊನಿಯಂವ ನಾಯಿ ಜೋಡಿ ಇರ್ತಾನ. ಕೂಸಿನಂಥ ಮರಿಗಳನ್ನ ಕಂಬಳಿ ಜೋಳಿಗಿ ಮಾಡಿ ಹೊರಸ್ತೀವಿ. ಉಣ್ಣೆ ಕತ್ತರ್ಸೋ ಮುಂಚೆ ಕೆರಿಗೆ ಇಳ್ಸಿ ತೊಳಿಯೋದೂ ಐತಿ, ಅದಕ್ಕ ಚಲೋ ಬಿಸಿಲು ನೋಡ್ಕೊಂಡು ಇಳಸ್ತೀವಿ.

ಅವ್ರ ಕುರುಬ್ರು ಹೊದಿಯೋ ಕಂಬಳಿ ಬಗ್ಗೆ ಯಾರಿಗಾದ್ರೂ ಗೊತ್ತೈತೇನು? ಒಂದು ಫೋಟೋದಾಗ ಕಟ್ಟಿಗಿ ಪೆಟಿಗಿ ತರ ಸೆಟದು ನಿಂತಿತ್ತು.

ಸಾಗರದವ

ಅದು ಕೆಪೆನೆಕ್ ಅಣ್ಣ. ನಿಮ್ ಕಂಬಳಿ ತರ ನೂಲು ತೆಗ್ದು ನೇಯೋದಲ್ಲ. ಉಣ್ಣೆನ ಹರಡಿ, ನೀರು ಹಾಕಿ, ಸುತ್ತಿ ಸುತ್ತಿ ತುಳಿದು ಒತ್ತಿ ಒತ್ತಿ ಗಟ್ಟಿ ಹಾಳೆ ಮಾಡ್ತಾರೆ, ಹೊಲಿಗೆ ತುಂಬ ಕಮ್ಮಿ. ಒಳಗೆ ಕೂತು ಮಲಗೋದು ಎಲ್ಲ ಮಾಡ್ಬೋದು, ಹಿಮ ಬಿದ್ರೂ ಒಳಗೆ ಬೆಚ್ಚಗೆ. ನಾನು ಒಂದ್ಸಲ ಹೆಗಲಿಗೆ ಹಾಕ್ಕೊಂಡು ನೋಡ್ದೆ, ಬಾಗಿಲ ಹಲಗೆ ಹೊತ್ತಂಗೆ ಆಯ್ತು. ನಮ್ ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆ ನೆಟ್ಟಿ ಮಾಡ್ಬೋದು, ಅದರಲ್ಲಿ ಬಗ್ಗೋಕೂ ಆಗಲ್ಲ. ಜೊತೆಗೆ ಕಂಗಾಲ್ ಅಂತ ನಾಯಿ, ಅಲ್ಲಿನ ಸಿವಾಸ್ ಜಿಲ್ಲೆ ಕಡೆದು, ತೋಳದ ಬಾಯಿಗೆ ಕತ್ತು ಸಿಗ್ಬಾರ್ದು ಅಂತ ಅದಕ್ಕೆ ಮುಳ್ಳಿನ ಕಬ್ಬಿಣದ ಪಟ್ಟಿ.

ಹೊಸನಗರದ ಅಕ್ಕ

ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ, ಒಂದು ಸೇರಿಸ್ಬೇಕು ಅನ್ನಿಸ್ತು. ಟಗರು ಬಿಟ್ಟು ಸುಮಾರು ನೂರು ದಿನ ಆದ್ಮೇಲೆ ಅವ್ರಿಗೆ ಇನ್ನೊಂದು ಹಬ್ಬ ಇದೆ, ಸಾಯಾ ಅಂತ. ಹೊಟ್ಟೇಲಿರೋ ಮರಿಗೆ ಜೀವ ತುಂಬಿ ಮೈಮೇಲೆ ಕೂದಲು ಮೂಡೋ ಹೊತ್ತು ಅದು ಅಂತ ಅವ್ರ ಲೆಕ್ಕ. ಕೊರೆಯೋ ಚಳಿ, ಮನೇಲಿರೋ ದವಸ ಮೇವು ಎರಡೂ ತಳ ಕಾಣ್ತಿರೋ ಕಾಲ. ಆವಾಗ ಕುರಿ ಕಾಯೋರು, ಊರ ಹುಡುಗ್ರು ವೇಷ ಹಾಕ್ಕೊಂಡು ರಾತ್ರಿ ಮನೆ ಮನೆಗೆ ಹೋಗ್ತಾರೆ. ಒಬ್ಬ ಉಣ್ಣೆ ಗಡ್ಡ ಅಂಟ್ಸಿದ ಮುದುಕ, ಒಬ್ಬ ಮುಖಕ್ಕೆ ಮಸಿ ಬಳ್ಕೊಂಡೋನು, ಒಬ್ಬ ಗಂಡ್ಸು ಹೆಣ್ಣಿನ ವೇಷ. ಬಾಗಿಲಲ್ಲಿ ಹಾಡು ಹೇಳ್ತಾರೆ, ನಡುವೆ ಒಬ್ಬ ಸತ್ತು ಬೀಳ್ತಾನೆ, ಆಮೇಲೆ ಎದ್ದು ಕುಣೀತಾನೆ. ಮನೆಯವ್ರು ಗೋಧಿ ನುಚ್ಚು, ಹಿಟ್ಟು, ಬೆಣ್ಣೆ ಕೊಡ್ಬೇಕು. ಎಲ್ಲ ಒಟ್ಟು ಮಾಡಿ ಅಡುಗೆ ಮಾಡ್ಕೊಂಡು ಕೂತು ಉಣ್ತಾರೆ.

ಇದನ್ನ ಓದಿದಾಗ ನಂಗೆ ನೆನಪಾಗಿದ್ದು ನಮ್ ಅಂಟಿಗೆ ಪಂಟಿಗೆ. ದೀಪಾವಳಿ ರಾತ್ರಿ ದೀಪ ಹಿಡ್ಕೊಂಡು, ಕಂಬಳಿ ಹೊದ್ಕೊಂಡು, ತೋಟ ಗದ್ದೆ ದಾಟಿ ನಾಯಿ ಬೊಗಳಿಸ್ಕೊಂಡು ಬರ್ತಿದ್ರಲ್ಲ, ಬಾಗಿಲು ತೆಗ್ಸೋ ಪದ ಹೇಳಿ, ದೀಪಕ್ಕೆ ಎಣ್ಣೆ ಹಾಕಿಸ್ಕೊಂಡು, ಅಕ್ಕಿ ಕಾಯಿ ದುಡ್ಡು ತಗೊಂಡು ಮುಂದಿನ ಮನೆಗೆ. ಅಲ್ಲಿ ಕುರಿ, ಇಲ್ಲಿ ಬಲೀಂದ್ರ, ಕಾರಣ ಬೇರೆ, ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದ್ರೆ ಸಂಘದವ್ರಿಗೆ ದೀಪಾವಳಿಗೆ ಏನಾದ್ರೂ ಮಾಡ್ಲೇಬೇಕು ಅಂತಿದ್ರೆ ನಿಮ್ಮೂರಲ್ಲಿ ಅಂಟಿಗೆ ಪದ ಬಲ್ಲ ಅಜ್ಜಂದಿರು ಯಾರಿದಾರೆ ಹುಡ್ಕಿ ಮೊದ್ಲು. ನಮ್ ಕೇರಿಲಿ ಪೂರ್ತಿ ಪದ ಬರ್ತಿದ್ದೋರು ಈಗ ಬೆರಳೆಣಿಕೆ, ಉಳಿದೋರು ಮೊದಲೆರಡು ಸಾಲು ಹೇಳಿ ಮೊಬೈಲ್ ನೋಡ್ತಾರೆ.

ತುಂಗೆದಂಡೆಯವ

ಅಕ್ಕ ನಮ್ಮೂರಲ್ಲೂ ಹಂಗೇ ಆಗಿದೆ. ಇಷ್ಟನ್ನೂ ಖಜಾಂಚಿಗೆ ಕಳ್ಸಿದೆ. ಅವನ ಉತ್ರ: ಕರಾವಳಿಲಿ ಕಂಬಳಕ್ಕೆ ಕೋರ್ಟೇ ಒಪ್ಪಿದೆ, ನಮ್ಗೆ ಯಾರು ಬೇಡ ಅಂತಾರೆ.

ಪಶುವೈದ್ಯೆ ಶಿವಮೊಗ್ಗ

ಅವರಿಗೆ ಹೇಳಿ, ಕಂಬಳ ಸುಮ್ನೆ ಉಳೀಲಿಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಅದಕ್ಕೆ ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳ, ಎತ್ತಿನ ಗಾಡಿ ಓಟದಂಥವಕ್ಕೆ ಮಾತ್ರ ವಿನಾಯ್ತಿ ಕೊಡ್ತು, ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನ ಎತ್ತಿ ಹಿಡೀತು. ಅದರಲ್ಲಿ ಕುರಿ ಹೊಳೆ ಹಾರ್ಸೋದು ಎಲ್ಲೂ ಇಲ್ಲ. ಯಾರಾದ್ರೂ ಒಬ್ರು ವಿಡಿಯೋ ಹಾಕಿ ದೂರು ಕೊಟ್ರೆ ಬ್ಯಾನರಲ್ಲಿ ಯಾರ್ಯಾರ ಫೋಟೋ ಇದೆಯೋ ಅವರೆಲ್ಲ ಸ್ಟೇಷನ್ನಿಗೆ.

ಕುಮದ್ವತಿ ಕುರುಬ

ಫೋಟೋ ಅಂದ ಕೂಡ್ಲೆ ಬಿಡ್ತಾರ ನೋಡ್ರಿ 😄

ತಮ್ಮಾ, ನಿಮ್ಗ ಕುರಿ ಬೇಕು ಅಂದ್ರ ಕೊಯ್ಲಾದ ಮ್ಯಾಲ ಹೇಳು, ಅಣ್ಣನ ಹಿಂಡು ನಿಮ್ ಗದ್ದ್ಯಾಗ ನಿಲ್ಲಸ್ತೀವಿ. ಗೊಬ್ರ ನಿಮ್ಗ, ಕಾಳೋ ರೊಕ್ಕೋ ನಮ್ಗ, ಅದು ಹಿಂದ್ಲಿಂದ ನಡ್ಕೊಂಡ್ ಬಂದ ಲೆಕ್ಕ. ರಾತ್ರಿ ಹಿಂಡಿನ ಹಂತ್ಯಾಕ ಬಂದು ಕುಂದರ್ರಿ, ಡೊಳ್ಳು ಬೇಕಾದ್ರ ನಮ್ ಹುಡುಗ್ರು ತರ್ತಾರ. ಎರಡು ಗದ್ದಿ ಒಂದ ಕಡಿ ಇರೋ ಹಂಗ ನೋಡ್ರಿ, ದಿನಾ ಹಿಂಡಿನ ಸುತ್ತ ಕಟ್ಟೋ ಬಲೆ ಕಿತ್ತು ಹಾಕೋದು ತ್ರಾಸು.

ತುಂಗೆದಂಡೆಯವ

ಅಪ್ಪಂಗೆ ಹೇಳ್ದೆ, ಈಗ್ಲೇ ಫೋನ್ ನಂಬರ್ ತಗೋ ಅಂತಿದಾರೆ, ಮೆಸೇಜ್ ಮಾಡ್ತೀನಿ ಅಣ್ಣ. ಸಂಘದ ಮೀಟಿಂಗಲ್ಲಿ ಸ್ಪರ್ಧೆ ಬಿದ್ದೋಯ್ತು, ಅಂಟಿಗೆ ಪಂಟಿಗೆಗೆ ಅರ್ಧ ಜನ ಹೂಂ ಅಂದಿದಾರೆ, ಇನ್ನರ್ಧ ಆರ್ಕೆಸ್ಟ್ರಾ ಬೇಕು ಅಂತ ಕೂತಿದಾರೆ. ಖಜಾಂಚಿ ಮಾತ್ರ ಟರ್ಕಿಗೇ ಹೋಗಿ ನೋಡ್ಕೊಂಡು ಬರ್ತೀನಿ ಅಂತಿದಾನೆ. ಸಾಗರದ ಸಾರ್, ಹೋಗೋದಾದ್ರೆ ಯಾವಾಗ ಹೋಗ್ಬೇಕು?

ಸಾಗರದವ

ಆಗಸ್ಟ್ ಕೊನೆ ವಾರಕ್ಕೆ ದೆನಿಜ್ಲಿಲಿ ಇರ್ಲಿ, ದಿನಾಂಕ ಮಾತ್ರ ಆ ವರ್ಷದ್ದು ವಿಚಾರ್ಸಿ ಟಿಕೆಟ್ ಮಾಡ್ಸಿ. ಟಗರು ಸೇರ್ಸೋದು ನೋಡ್ಬೇಕಂದ್ರೆ ಅಕ್ಟೋಬರ್ ನವೆಂಬರ್, ಅದು ಊರೂರಿಗೆ ಬೇರೆ ದಿನ. ಇಸ್ತಾಂಬುಲ್‌ನಿಂದ ದೆನಿಜ್ಲಿಗೆ ವಿಮಾನನೂ ಇದೆ ರಾತ್ರಿ ಬಸ್ಸೂ ಇದೆ, ಅಲ್ಲಿಂದ ಚಾಲ್‌ಗೆ ಸಣ್ಣ ಬಸ್ಸು ಸಿಗುತ್ತೆ, ದ್ರಾಕ್ಷಿ ತೋಟದ ನಡುವೆ ದಾರಿ. ಟೋಪಿ ನೀರು ತಗೊಂಡು ಹೋಗ್ಲಿ, ದಂಡೆಲಿ ನೆರಳು ಕಮ್ಮಿ. ಒಳ್ಳೆ ಫೋಟೋ ಆಸೆಗೆ ಆಚೆ ದಡದ ಮುಂದಿನ ಸಾಲಲ್ಲಿ ನಿಲ್ಬೇಡ ಅನ್ನಿ, ಅಷ್ಟೂ ಕುರಿ ಹತ್ತಿ ಬಂದು ಅಲ್ಲೇ ಮೈ ಕೊಡವೋದು, ನನ್ ಫೋನು ಆವತ್ತೇ ಹೋಗಿದ್ದು.